ಕ್ಯಾಲ್ಕುಲೇಟರ್‌ನಲ್ಲಿ ನನ್ನ ನಂಬರ್ ಬಂದಿದ್ದು ಹೇಗೆ?

ಪ್ರಶ್ನೆ: ಮದುವೆಮನೆಯಲ್ಲಿ ಜಾದೂ ಮಾಡುವವರೊಬ್ಬರು ತಮ್ಮ ಐಫೋನ್ ಕ್ಯಾಲ್ಕುಲೇಟರ್ ತೆರೆದು ಕೊಟ್ಟು, ಮನಸ್ಸಿಗೆ ಬಂದ ಸಂಖ್ಯೆಗಳನ್ನು ಗುಣಿಸುತ್ತಾ ಹೋಗಿ ಅಂದರು. ನಾಲ್ಕೈದು ಜನ ಗುಣಿಸಿದೆವು. ಉತ್ತರ ನೋಡಿದರೆ ನನ್ನದೇ ಮೊಬೈಲ್ ನಂಬರ್! ಇದೇನು ಹ್ಯಾಕಿಂಗಾ?

ಉತ್ತರ: ಹ್ಯಾಕಿಂಗೂ ಇಲ್ಲ, ಮಂತ್ರವೂ ಇಲ್ಲ, ಎಲ್ಲಾ ಸೊನ್ನೆಯ ಮಹಿಮೆ. ಫೋನ್ ನಿಮ್ಮ ಕೈಗೆ ಬರುವ ಮೊದಲೇ ಅವರು ಅದನ್ನು ಅಡ್ಡ ಹಿಡಿದು ನಿಮ್ಮ ನಂಬರ್, ಆಮೇಲೆ ಪ್ಲಸ್, ಸೊನ್ನೆ, ಗುಣಾಕಾರ, ಒಂದು ತೆರೆದ ಬ್ರಾಕೆಟ್, ಇಷ್ಟನ್ನು ಒತ್ತಿಟ್ಟಿರುತ್ತಾರೆ. ಸ್ಕ್ರೀನ್ ಮೇಲೆ ಬರೀ 0 ಕಾಣುತ್ತೆ. ನೀವು ಗುಣಿಸಿದ್ದೆಲ್ಲಾ ಬ್ರಾಕೆಟ್ ಒಳಗೆ ಬೀಳುತ್ತೆ, = ಒತ್ತಿದ ಕೂಡಲೇ ಅದು ಸೊನ್ನೆಯಿಂದ ಗುಣಿಸಿ ಮಾಯ. ಉಳಿಯೋದು ನಿಮ್ಮ ನಂಬರ್ ಮಾತ್ರ.

ನಿಮ್ಮ ನಂಬರನ್ನು ಆ ಜಾದೂಗಾರರಿಗೆ ಕೊಟ್ಟವರು ಯಾರು ಅಂತ ಮದುವೆಗೆ ಕರೆದವರನ್ನೇ ಕೇಳಿ!

ನೀವೂ ಮಾಡಬೇಕಾ? 2024ರಲ್ಲಿ ಬಂದ ಐಫೋನ್ ಸಾಫ್ಟ್‌ವೇರ್ ಐಓಎಸ್ 18ರಿಂದ ಕ್ಯಾಲ್ಕುಲೇಟರ್ ಪೂರ್ತಿ ಲೆಕ್ಕವನ್ನೇ ತೋರಿಸುತ್ತೆ, ಗುಟ್ಟು ರಟ್ಟು. ಅದಕ್ಕೇ ಈಗ ಕ್ಯಾಲ್ಕುಲೇಟರ್ ಥರಾನೇ ಕಾಣುವ ಜಾದೂ ಆಪ್‌ಗಳನ್ನು ಬಳಸುತ್ತಾರೆ. ನನಗೇನೋ ಹಳೇ ಫೋನಿನ ಸೊನ್ನೆ ಆಟವೇ ಜಾಸ್ತಿ ಇಷ್ಟ.