ಸಂಯೋಜನೆಯ ನಿಯಮಗಳಲ್ಲಿ ಯಾವುದನ್ನು ಮೊದಲು ಕಲಿಯಬೇಕು?

ರಾಯಚೂರಿನಲ್ಲಿದ್ದುಕೊಂಡು ಗುರುವಿಲ್ಲದೆ ಚಿತ್ರಕಲೆ ಕಲಿಯುತ್ತಿರುವ ತಾವು, ಸಂಯೋಜನೆಗೆ, ಅಂದರೆ ಚಿತ್ರದಲ್ಲಿ ಎಲ್ಲವನ್ನೂ ಹೊಂದಿಸಿ ಇಡುವುದಕ್ಕೆ, ರೂಲ್ ಆಫ್ ಥರ್ಡ್ಸ್ (ಚಿತ್ರವನ್ನು ಮೂರು ಮೂರು ಪಾಲು ಮಾಡಿ ಮುಖ್ಯ ವಸ್ತುವನ್ನು ಗೆರೆ ಕೂಡುವಲ್ಲಿ ಇಡುವುದು), ಸುವರ್ಣ ಅನುಪಾತ (ಅಂದವೆಂದು ಹೇಳಲಾಗುವ ಒಂದು ಅಳತೆ), ವರ್ಣಚಕ್ರ (ಬಣ್ಣಗಳ ಸಂಬಂಧ ತೋರುವ ವೃತ್ತ) ಇವುಗಳಲ್ಲಿ ಮೊದಲು ಯಾವುದನ್ನು ಹಿಡಿಯಬೇಕೆಂದು ಕೇಳಿದ್ದೀರಿ. ಇದೇ ಪಟ್ಟಿಯನ್ನು ನಂಬಿ ಕೈ ಸುಟ್ಟುಕೊಂಡವನು ನಾನು.

ಗಂಗಾವತಿ ಕಡೆಯ ಒಂದು ಕಲ್ಯಾಣಮಂಟಪದವರು ಊಟದ ಹಾಲಿಗೆಂದು ಆನೆಗೊಂದಿಯ ಹೊಳೆಯ ದೊಡ್ಡ ಚಿತ್ರವೊಂದನ್ನು ಬರೆಸಿದರು. ನಾನು ಕ್ಯಾನ್ವಾಸನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಮೂರು ಪಾಲು ಮಾಡಿ, ಗೆರೆಗಳು ಕೂಡುವ ಬಿಂದುವಿನ ಮೇಲೆ ಅಳತೆ ತಪ್ಪದಂತೆ ಹರಿಗೋಲನ್ನು ಕೂರಿಸಿದೆ. ಹಿಂದಿನ ಹೆಬ್ಬಂಡೆಗಳ ಒಂದು ಬಿರುಕನ್ನೂ ಬಿಡದೆ ಬರೆದೆ. ಚಿತ್ರ ತೂಗುಹಾಕಿದ ದಿನ ಮಾಲೀಕರು ಬಾಗಿಲ ಬಳಿ ನಿಂತು, "ಹರಿಗೋಲು ಎಲ್ಲೈತ್ರೀ?" ಎಂದರು. ಅದು ವ್ಯಂಗ್ಯವಲ್ಲ, ಅವರಿಗೆ ನಿಜಕ್ಕೂ ಕಂಡಿರಲಿಲ್ಲ. ಬಾಕಿ ಹಣ ಬರಲಿಲ್ಲ, ಅವರ ಇನ್ನೊಂದು ಮಂಟಪದ ಕೆಲಸವೂ ಬೇರೆಯವರ ಪಾಲಾಯಿತು.

ಎಡವಿದ್ದೆಲ್ಲಿ ಎಂಬುದನ್ನು ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಇದರಿಂದಲೇ ತಿಳಿಯುತ್ತದೆ. ಹರಿಗೋಲು ಕೆಂಗಂದು, ಬಂಡೆ ಗುಲಾಬಿ ಬೆರೆತ ಬೂದು, ನೀರು ಮಂಕು ಹಸಿರು. ಮೊಳ ದೂರದಿಂದ ನೋಡುವಾಗ ಮೂರೂ ಬೇರೆ ಬೇರೆ. ಆದರೆ ಬಣ್ಣ ಬೇರೆಯಾದ ಮಾತ್ರಕ್ಕೆ ಟೋನ್ ಬೇರೆಯಾಗುವುದಿಲ್ಲ, ಅಂದರೆ ಆ ಬಣ್ಣದಲ್ಲಿರುವ ಬೆಳಕು-ಕತ್ತಲಿನ ಪ್ರಮಾಣ ಬೇರೆಯಾಗುವುದಿಲ್ಲ. ಚಿತ್ರದ ಫೋಟೊವನ್ನು ಕಪ್ಪು-ಬಿಳುಪಿಗೆ ತಿರುಗಿಸಿ ನೋಡಿದಾಗ ನೀರು, ಬಂಡೆ, ಹರಿಗೋಲು ಮೂರೂ ಒಂದೇ ಬೂದಿಯ ಬಣ್ಣಕ್ಕೆ ಇಳಿದಿದ್ದವು. ದೂರ ಹೋದಂತೆ ಸಣ್ಣ ಬಣ್ಣಭೇದಗಳು ಕರಗುತ್ತವೆ, ಕಣ್ಣಿಗೆ ಆಧಾರವಾಗಿ ಉಳಿಯುವುದು ಟೋನಿನ ಅಂತರ. ಸಾಲದ್ದಕ್ಕೆ ಪ್ರತಿ ಬಿರುಕಿನ ಅಂಚನ್ನೂ ಹರಿಗೋಲಿನ ಅಂಚಿನಷ್ಟೇ ಚೂಪಾಗಿ ಬರೆದಿದ್ದೆ. ಸಂತೆಯಲ್ಲಿ ಎಲ್ಲರೂ ಒಮ್ಮೆಗೇ ಕೂಗಿದಂತಾಗಿ ಯಾರ ಮಾತೂ ಕೇಳಿಸದಾಯಿತು. ಹರಿಗೋಲನ್ನು ಗಾಢವಾಗಿಸಿ, ಅದರ ಹಿಂದಿನ ನೀರಿಗೆ ಬಿಸಿಲಿನ ಹೊಳಪು ಕೊಟ್ಟು, ಬಂಡೆಗಳ ಅಂಚನ್ನು ಮೆದುವಾಗಿ ಬಿಟ್ಟಿದ್ದರೆ, ಅದನ್ನು ನಟ್ಟನಡುವೆ ಇಟ್ಟಿದ್ದರೂ ಬಾಗಿಲಿನಿಂದ ಕಾಣುತ್ತಿತ್ತು.

ಆದ್ದರಿಂದ ಮೊದಲು ಕಲಿಯಬೇಕಾದ ಟೋನೇ ಇಲ್ಲದ ತಮ್ಮ ಪಟ್ಟಿಯೇ ತಪ್ಪು ಎಂಬುದು ನನ್ನ ಅಭಿಪ್ರಾಯ. ರೂಲ್ ಆಫ್ ಥರ್ಡ್ಸ್ ಎಂಬ ಹೆಸರನ್ನು 1797ರಲ್ಲಿ ಬರೆದಿಟ್ಟ ಇಂಗ್ಲೆಂಡಿನ ಕಲಾವಿದ ಜಾನ್ ಥಾಮಸ್ ಸ್ಮಿತ್ ಹೇಳಿದ್ದು ಮುಖ್ಯವಾಗಿ ಪ್ರಮಾಣದ ಮಾತು: ನೆಲ-ಆಕಾಶಗಳಾಗಲಿ, ಬೆಳಕು-ನೆರಳಾಗಲಿ ಸಮಪಾಲಾಗದೆ ಒಂದು ದೊಡ್ಡದಾಗಿ, ಇನ್ನೊಂದು ಚಿಕ್ಕದಾಗಿ ಇರಲಿ ಎಂದು. ನಾವು ಅದನ್ನು ಗೆರೆಗಳು ಕೂಡುವ ನಾಲ್ಕು ಚುಕ್ಕೆಗಳಿಗೆ ಇಳಿಸಿಕೊಂಡಿದ್ದೇವೆ. 1.618ರ ಸುವರ್ಣ ಅನುಪಾತವನ್ನು ಸದ್ಯಕ್ಕೆ ಮರೆತುಬಿಡಿ. ವರ್ಣಚಕ್ರ ಬೇಕು, ಆದರೆ ಅದರಲ್ಲಿಯೂ ಮೊದಲು ಗಮನಿಸಬೇಕಾದದ್ದು ಟೋನನ್ನೇ: ಶುದ್ಧ ಹಳದಿ ಎಲ್ಲಕ್ಕಿಂತ ತಿಳಿ, ನೇರಳೆ ಎಲ್ಲಕ್ಕಿಂತ ಗಾಢ, ಎದುರುಬದುರಿನ ಕೆಂಪು-ಹಸಿರುಗಳು ಕಪ್ಪು-ಬಿಳುಪಿನಲ್ಲಿ ಹೆಚ್ಚುಕಡಿಮೆ ಒಂದಾಗಿಬಿಡುತ್ತವೆ.

ತಾವು ರಾಯಚೂರಿನವರಾದ್ದರಿಂದ ದುಡ್ಡು ಕೊಟ್ಟು ಕೋರ್ಸಿಗೆ ಸೇರುವ ಮೊದಲು ಕೋಟೆಗೆ ಹೋಗಿ. 1294ರ ಶಾಸನವಿರುವ ನಲವತ್ತು ಅಡಿಗೂ ಮೀರಿದ ಆ ಕಲ್ಲಿನ ಹತ್ತಿರವೇ, ಅದನ್ನು ಬಂಡಿಯ ಮೇಲೆ ಹೇರಿಕೊಂಡು ಕೋಣಗಳಿಂದ ಎಳೆಸಿ ತಂದ ಬಗೆಯನ್ನು ಗೆರೆಗಳಲ್ಲಿ ಬಿಡಿಸಿದ್ದಾರೆ. ಬಣ್ಣವಿಲ್ಲ, ನೆರಳಿಲ್ಲ, ದೂರ-ಹತ್ತಿರದ ಲೆಕ್ಕವೂ ಇಲ್ಲ. ಆದರೂ ಮತ್ತೆ ಮತ್ತೆ ಬರುವ ಕೋಣಗಳ ಆಕಾರದಲ್ಲಿ ಲಯವಿದೆ, ಕಣ್ಣು ಯಾವ ಕಡೆ ಸಾಗಬೇಕೆಂಬುದು ಆ ಉದ್ದ ಸಾಲಿನಿಂದಲೇ ತಿಳಿಯುತ್ತದೆ, ಸಾಲಿನ ಉದ್ದವೇ ಕಲ್ಲಿನ ಭಾರವನ್ನು ಹೇಳಿಬಿಡುತ್ತದೆ. ಪುಸ್ತಕಗಳು ಲಯ, ಚಲನೆ, ಸಮತೋಲನ ಎಂದು ಅಧ್ಯಾಯ ಅಧ್ಯಾಯವಾಗಿ ವಿಂಗಡಿಸುವುದನ್ನು ಅಲ್ಲಿ ಒಂದೇ ಕಡೆ ನೋಡಬಹುದು.

ನಂತರ ಅಲ್ಲಿಯೇ ಕುಳಿತು, ಕಣ್ಣನ್ನು ಅರ್ಧ ಮುಚ್ಚಿ, ಕೋಟೆಗೋಡೆಯನ್ನು ಬೆಂಕಿಪೊಟ್ಟಣದಷ್ಟು ಚಿಕ್ಕ ಚಿಕ್ಕ ಚೌಕಟ್ಟುಗಳಲ್ಲಿ, ಮೆದುವಾಗಿ ಗಾಢ ಗೆರೆ ಬೀಳುವ 4ಬಿ ಪೆನ್ಸಿಲಿನಿಂದ ಬರೆಯಿರಿ. ಬಿಳಿ, ನಡುವಿನ ಬೂದು, ಕಪ್ಪು ಈ ಮೂರೇ ಟೋನ್‌ಗಳಿರಲಿ, ಮೂರರಲ್ಲಿ ಒಂದು ಉಳಿದೆರಡಕ್ಕಿಂತ ಹೆಚ್ಚು ಜಾಗ ಹಿಡಿಯಲಿ. ಕಲ್ಲುಗಳ ಸಂದುಗಳನ್ನು ಎಣಿಸಲು ಹೋಗಬೇಡಿ. ಪುಟವನ್ನು ಎದುರಿನ ಗೋಡೆಗೆ ಒರಗಿಸಿ ಹಿಂದೆ ಸರಿದು ನೋಡಿದಾಗ ಯಾವ ಚೌಕಟ್ಟು ಆಗಲೂ ಕೋಟೆಯಾಗಿಯೇ ಕಾಣುತ್ತದೆಯೋ, ಅದಕ್ಕೆ ಮಾತ್ರ ಬಣ್ಣ ಹಾಕಿ.