ಚಿಕ್ಕಬಳ್ಳಾಪುರದಲ್ಲಿ ಒಂದು ದಿನ: ಪಾರ್ಕು, ಕಲೆ, ಸಾದಾ ಊಟ ಮೂರೂ ಸಿಗುತ್ತವೆಯೇ?

ವಯಸ್ಸಾದ ತಾಯಿಯನ್ನು ಕರೆದುಕೊಂಡು ಧಾರವಾಡದಿಂದ ಬೆಂಗಳೂರಿಗೆ ಬಂದಿದ್ದೀರಿ, ಒಂದು ದಿನ ಚಿಕ್ಕಬಳ್ಳಾಪುರದ ಕಡೆ ಹೋಗಿಬರುವ ಆಸೆಯಿದೆ. ಕೂತು ಸುಧಾರಿಸಿಕೊಳ್ಳಲು ಒಳ್ಳೆಯ ಪಾರ್ಕು, ನೋಡಲು ಆರ್ಟ್ ಮ್ಯೂಸಿಯಂ, ಆಡಂಬರವಿಲ್ಲದ ಹೋಟೆಲ್ ಊಟ ಇದೆಯೇ, ಯಾರನ್ನು ಕೇಳಿದರೂ ನಂದಿಬೆಟ್ಟದ ಸೂರ್ಯೋದಯ ಬಿಟ್ಟು ಬೇರೇನೂ ಹೇಳುವುದಿಲ್ಲ ಅಂತ ಬರೆದಿದ್ದೀರಿ.

ನಾನು ಇದೇ ಊರಿನವನು. ಸೂರ್ಯೋದಯದ ಆಸೆ ಬಿಟ್ಟುಬಿಡಿ. ತಾಯಿಯವರನ್ನು ನಡುರಾತ್ರಿ ಎಬ್ಬಿಸಿ, ಬೆಟ್ಟದ ತಿರುವುಗಳಲ್ಲಿ ಕಾರುಗಳ ಸಾಲಿನಲ್ಲಿ ಕೂರಿಸಿ, ಕೊನೆಗೆ ಮಂಜು ಕವಿದು ಏನೂ ಕಾಣದಿದ್ದರೆ ದಿನವೆಲ್ಲ ಬೇಸರ. ಆರಾಮಾಗಿ ತಿಂಡಿ ಮುಗಿಸಿಕೊಂಡು ಬನ್ನಿ. ಬೆಟ್ಟದ ಬುಡದಲ್ಲಿ ನಂದಿ ಗ್ರಾಮವಿದೆ, ಅಲ್ಲಿ ಭೋಗನಂದೀಶ್ವರ ದೇವಸ್ಥಾನವಿದೆ. ನಿಮ್ಮ ದಿನದ ಅರ್ಧ ಅಲ್ಲಿಗೇ ಮೀಸಲಿಡಿ. ಆರ್ಟ್ ಮ್ಯೂಸಿಯಂ ಅಂತ ಬೋರ್ಡು ಹಾಕಿಕೊಂಡಿರುವ ಯಾವ ಜಾಗಕ್ಕಿಂತಲೂ ನಿಮಗೆ ಹೆಚ್ಚು ಸಿಗುವುದು ಅಲ್ಲೇ.

ಹಾಗೆ ಹೇಳಲು ಕಾರಣವಿದೆ. 9ನೇ ಶತಮಾನದ ಆರಂಭದಲ್ಲಿ ಬಾಣ ಅರಸುಮನೆತನದ ರಾಣಿ ರತ್ನಾವಳಿಯ ಕಾಲಕ್ಕೆ ಸೇರಿದ ದೇವಸ್ಥಾನ ಇದು. ಆಮೇಲೆ ಗಂಗರು, ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರದವರು ಎಲ್ಲರ ಕಾಲದ ಕೆಲಸವೂ ಇಲ್ಲಿ ಬಂದು ಸೇರಿದೆ. ಒಂದೇ ಅಂಗಳದಲ್ಲಿ ಇಷ್ಟು ತಲೆಮಾರುಗಳ ಉಳಿಯ ಕೆಲಸ ಒಟ್ಟಿಗೆ ನೋಡಲು ಸಿಗುವುದು ನಮ್ಮ ಸೀಮೆಯಲ್ಲಿ ಅಪರೂಪ. ಒಳಗೆ ಎರಡು ದೊಡ್ಡ ಗುಡಿಗಳು: ಅರುಣಾಚಲೇಶ್ವರ ಮತ್ತು ಭೋಗನಂದೀಶ್ವರ. ನಡುವೆ ಸಣ್ಣದಾಗಿ ಉಮಾಮಹೇಶ್ವರ. ಅರುಣಾಚಲೇಶ್ವರನದು ಶಿವನ ಬಾಲ್ಯ, ಭೋಗನಂದೀಶ್ವರನದು ಯೌವನ, ಬೆಟ್ಟದ ಮೇಲಿನ ಯೋಗನಂದೀಶ್ವರನದು ವೈರಾಗ್ಯ ಅಂತ ನಮ್ಮ ಕಡೆ ಹೇಳುತ್ತಾರೆ. ಹೊಸದಾಗಿ ಮದುವೆಯಾದವರು ಬೆಟ್ಟಕ್ಕಿಂತ ಮೊದಲು ಕೆಳಗಿನ ಗುಡಿಗೇ ಬಂದು ಕೈಮುಗಿಯುವುದು ಅದಕ್ಕೇ.

ದರ್ಶನಕ್ಕೆ ಅವಸರಪಡದೆ ಮೊದಲು ಗುಡಿಗಳ ಸುತ್ತ ಹೊರಗಿನಿಂದ ಒಂದು ಸುತ್ತು ಬನ್ನಿ. ಗೋಡೆಯಲ್ಲಿ ಕಲ್ಲಿನ ಜಾಲಂಧ್ರಗಳಿವೆ. ಒಂದರಲ್ಲಿ ಶಿವ ಕುಣಿಯುತ್ತಿದ್ದಾನೆ, ಇನ್ನೊಂದರಲ್ಲಿ ದುರ್ಗೆ ಕೋಣನ ತಲೆಯ ಮೇಲೆ ನಿಂತಿದ್ದಾಳೆ. ಒಳಗೆ ಗಾಳಿ ಬೆಳಕು ಬರಲಿ ಅಂತ ಕಿಟಕಿ ಕೊರೆದವನು ಆ ತೂತುಗಳ ನಡುವೆಯೇ ದೇವರನ್ನೂ ಕೂರಿಸಿದ್ದಾನೆ. ಸಂಜೆಗಿಂತ ಬೆಳಗಿನ ಓರೆ ಬಿಸಿಲಿನಲ್ಲಿ ಈ ಕೆತ್ತನೆ ಚೆನ್ನಾಗಿ ಎದ್ದು ಕಾಣುತ್ತದೆ ಅನ್ನುವುದು ನನ್ನ ಅನುಭವ.

ಆಮೇಲೆ ಉಮಾಮಹೇಶ್ವರ ಗುಡಿಯ ಮುಂದಿನ ಕಲ್ಯಾಣ ಮಂಟಪ. ನಾಲ್ಕೇ ಕಂಬ, ಕಪ್ಪು ಕಲ್ಲು. ಶಿವ ಪಾರ್ವತಿ, ಬ್ರಹ್ಮ ಸರಸ್ವತಿ, ವಿಷ್ಣು ಲಕ್ಷ್ಮಿ, ಅಗ್ನಿ ಮತ್ತು ಅವನ ಹೆಂಡತಿ ಸ್ವಾಹಾದೇವಿ ಹೀಗೆ ಜೋಡಿ ಜೋಡಿಯಾಗಿ ನಿಂತಿದ್ದಾರೆ. ಸ್ವಾಹಾದೇವಿಯನ್ನು ಶಿಲ್ಪದಲ್ಲಿ ನೋಡುವುದೇ ವಿರಳ, ತಾಯಿಯವರಿಗೆ ಖಂಡಿತ ತೋರಿಸಿ. ದೇವರುಗಳನ್ನು ನೋಡಿಯಾದ ಮೇಲೆ ಕಂಬದ ಹತ್ತಿರ ಹೋಗಿ ಬಳ್ಳಿಯನ್ನೇ ಹಿಂಬಾಲಿಸಿ. ಬಳ್ಳಿ ಸುರುಳಿ ಸುತ್ತಿಕೊಂಡು ಮೇಲೇರುತ್ತದೆ, ನಡುನಡುವೆ ಹಕ್ಕಿಗಳು ಕೂತಿವೆ. ಅರಮನೆಯ ದುಡ್ಡಿಗೆ ಮಾಡಿದ ಕೆಲಸ ಅನ್ನಿಸುವುದಿಲ್ಲ. ಕೆತ್ತಿದವನಿಗೆ ಹಕ್ಕಿಯೆಂದರೆ ಪ್ರೀತಿ ಇತ್ತು ಅಂತ ನನಗೆ ಪ್ರತಿ ಸಲವೂ ಅನ್ನಿಸುತ್ತದೆ. ದಯವಿಟ್ಟು ಕೈಯಿಂದ ಸವರಬೇಡಿ, ಕುಂಕುಮ ಹಚ್ಚಬೇಡಿ. ಮದುವೆ ಫೋಟೋ ಶೂಟ್‌ಗೆ ಬಂದವರು ಕಂಬಕ್ಕೆ ಒರಗಿ ನಿಲ್ಲುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಅಷ್ಟು ಶತಮಾನ ಉಳಿದದ್ದು ನಮ್ಮ ಕಾಲದಲ್ಲಿ ಸವೆಯಬಾರದು.

ನೀವು ಕೇಳಿದ ಪಾರ್ಕೂ ಅರ್ಧ ಇಲ್ಲೇ ಸಿಗುತ್ತದೆ. ಪುರಾತತ್ವ ಇಲಾಖೆಯವರು ಹುಲ್ಲುಹಾಸು ಬೆಳೆಸಿದ್ದಾರೆ, ನೆರಳಿದೆ. ಒಳಗಿನ ಶೃಂಗಿ ತೀರ್ಥದ ಕಲ್ಯಾಣಿಯ ಸುತ್ತ ಮಂಟಪದ ಸಾಲಿದೆ, ಅದರಲ್ಲಿ ಕೂತರೆ ಮಂಡಿ ನೋವಿನವರಿಗೂ ಹಾಯಾಗಿರುತ್ತದೆ. ಬರಿಗಾಲಲ್ಲಿ ಕಲ್ಲಿನ ಮೇಲೆ ನಡೆಯಬೇಕು, ಹನ್ನೊಂದರ ಮೇಲೆ ಕಾಲು ಸುಡುತ್ತದೆ. ಸಾಕ್ಸ್ ತಂದುಕೊಳ್ಳಿ. ಶಿವರಾತ್ರಿಯ ಸುಮಾರಿಗೆ ಬರುವುದಾದರೆ ತೇರು, ಜಾತ್ರೆ ಇರುತ್ತದೆ. ಸಂಭ್ರಮವೇನೋ ದೊಡ್ಡದು, ಶಿಲ್ಪ ನೋಡಲು ಮಾತ್ರ ಆಗುವುದಿಲ್ಲ.

ಅಲ್ಲಿಂದ ಮುದ್ದೇನಹಳ್ಳಿ ದೂರವಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಊರು. ಅವರ ಮನೆಯನ್ನೇ ಸ್ಮಾರಕ ಮಾಡಿದ್ದಾರೆ. 1955ರಲ್ಲಿ ಬಂದ ಭಾರತರತ್ನ, ಅವರ ಕನ್ನಡಕ, ಅಣೆಕಟ್ಟುಗಳ ಮಾದರಿಗಳು ಇವೆ. ನನಗೆ ತುಂಬ ಹಿಡಿಸಿದ್ದು ಅವರ ವಿಸಿಟಿಂಗ್ ಕಾರ್ಡ್ ಮುದ್ರಿಸುತ್ತಿದ್ದ ಅಚ್ಚು. ಅಷ್ಟು ದೊಡ್ಡ ಅಣೆಕಟ್ಟು ಕಟ್ಟಿಸಿದವರ ಹೆಸರು ಅಷ್ಟು ಸಣ್ಣ ಅಚ್ಚಿನಲ್ಲಿ. 1962ರಲ್ಲಿ ತೀರಿಕೊಂಡ ಅವರ ಸಮಾಧಿಯೂ ಊರಲ್ಲೇ ಇದೆ. ಒಂದು ಗಂಟೆ ಸಾಕು. ತೆರೆದಿದೆಯೇ ಅಂತ ಆಟೋದವರನ್ನು ಮೊದಲೇ ಕೇಳಿಕೊಂಡು ಹೋಗಿ.

ಬೆಟ್ಟಕ್ಕೆ ಹೋಗಲೇಬೇಕಾದರೆ ವಾರದ ದಿನ, ಊಟ ಆದ ಮೇಲೆ ಹೋಗಿ. 1,478 ಮೀಟರ್ ಎತ್ತರ, ಮಧ್ಯಾಹ್ನವೂ ತಂಪು. ಮೇಲೆ ತೋಟಗಾರಿಕೆ ಇಲಾಖೆಯ ಉದ್ಯಾನವಿದೆ. ಸೂರ್ಯೋದಯ ನೋಡಿ ಓಡಿಹೋಗುವವರು ಅದರೊಳಗೆ ಕಾಲೇ ಇಡುವುದಿಲ್ಲ. 1927ರಲ್ಲಿ ಗಾಂಧೀಜಿ ಆರೋಗ್ಯ ಕೆಟ್ಟಾಗ ಇಲ್ಲೇ ಬಂದು ಸುಧಾರಿಸಿಕೊಂಡರು. 1986ರ ಸಾರ್ಕ್ ಸಮ್ಮೇಳನಕ್ಕೆ ಬಂದ ನಾಯಕರನ್ನೂ ಇಲ್ಲಿಗೆ ಕರೆತಂದಿದ್ದರು. ಟಿಪ್ಪು ಡ್ರಾಪ್ ಅನ್ನುವ ಕಡಿದಾದ ಬಂಡೆಯಂಚಿನಲ್ಲಿ ಕಂಬಿಯ ಹತ್ತಿರ ಸೆಲ್ಫಿಗೆ ನೂಕಾಡುವ ಬದಲು ಮರದ ಕೆಳಗಿನ ಬೆಂಚಿನಲ್ಲಿ ತಾಯಿಯವರನ್ನು ಕೂರಿಸಿ. ಕೋತಿಗಳಿವೆ, ತಿಂಡಿಯ ಕವರ್ ಕೈಯಲ್ಲಿ ಹಿಡಿಯಬೇಡಿ. ಮಳೆಗಾಲದಲ್ಲಿ ರಸ್ತೆ ತೆರೆದಿದೆಯೇ ಅಂತ ವಿಚಾರಿಸಿ, 2021ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ದಾರಿಯೇ ಕಿತ್ತುಹೋಗಿತ್ತು.

ಇನ್ನು ಊಟ. ನಿಮ್ಮ ಜೋಳದ ರೊಟ್ಟಿ ಇಲ್ಲಿ ಹುಡುಕಬೇಡಿ, ಇದು ರಾಗಿಯ ನಾಡು. ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನ ಸುತ್ತಮುತ್ತ, ಹಳೆಯ ಪೇಟೆಯಲ್ಲಿ ಸಣ್ಣ ಸಣ್ಣ ಹೋಟೆಲುಗಳಿವೆ. ಬೋರ್ಡು ನೋಡಬೇಡಿ, ಒಳಗೆ ಊರಿನವರು ಕೂತಿದ್ದಾರೆಯೇ ನೋಡಿ. ಮಾಲೀಕರು ತೆಲುಗಿನಲ್ಲಿ ಮಾತು ಶುರುಮಾಡಿದರೆ ಗಾಬರಿಯಾಗಬೇಡಿ. ಇಲ್ಲಿ ಎರಡೂ ಭಾಷೆ ಒಂದೇ ಮನೆಯಲ್ಲಿ ಓಡಾಡುತ್ತವೆ, ನೀವು ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಬಡಿಸುತ್ತಾರೆ. ಮುದ್ದೆ, ಬಸ್ಸಾರು ಕೇಳಿ. ಸೊಪ್ಪು ಕಾಳು ಬೇಯಿಸಿ ಬಸಿದ ನೀರಿಗೆ ಖಾರ ರುಬ್ಬಿ ಹಾಕಿದ ಸಾರು, ಬಸಿದ ಸೊಪ್ಪಿನ ಪಲ್ಯ ಪಕ್ಕದಲ್ಲಿ. ಡಿಸೆಂಬರ್, ಜನವರಿಯಲ್ಲಿ ಬಂದರೆ ಹಿತಕಿದ ಬೇಳೆ ಸಾರು, ಅಂದರೆ ನೆನೆಸಿ ಸಿಪ್ಪೆ ಹಿಸುಕಿ ತೆಗೆದ ಅವರೆಕಾಳಿನ ಸಾರು, ಬಿಡಲೇಬೇಡಿ. ಸೊಗಡಿನ ಅವರೆಯ ವಾಸನೆ ಬೀದಿಗೇ ಬರುತ್ತದೆ. ತಾಯಿಯವರಿಗೆ ಮುದ್ದೆ ಹೊಸದಾದರೆ ಅಗಿಯಬಾರದು ಅಂತ ಮೊದಲೇ ಹೇಳಿ: ಚಿಕ್ಕ ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ಹಾಗೇ ನುಂಗಬೇಕು. ದ್ರಾಕ್ಷಿಯ ಕಾಲವಾದರೆ ದಾರಿ ಬದಿಯಲ್ಲಿ ಕಪ್ಪಗಿನ ಬೆಂಗಳೂರು ಬ್ಲೂ ಸಿಗುತ್ತದೆ. ಬೀಜ ಜಾಸ್ತಿ, ಆದರೆ ಆ ಘಮ ಬೀಜವಿಲ್ಲದ ಹಣ್ಣಿಗೆ ಇಲ್ಲ.

ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್. ಯಲಹಂಕ, ದೇವನಹಳ್ಳಿ ಮೇಲೆ ಬರುವ ರೈಲಿದೆ, ನಂದಿ ಹಾಲ್ಟ್ ಅಂತ ಪುಟ್ಟ ನಿಲ್ದಾಣವೂ ಇದೆ, ಆದರೆ ರೈಲುಗಳು ಕಡಿಮೆ. ಮೆಜೆಸ್ಟಿಕ್‌ನಿಂದ ಬಸ್ಸೇ ಅನುಕೂಲ. ಇಲ್ಲಿ ಇಳಿದು ಆಟೋದವರ ಹತ್ತಿರ ನಂದಿ, ಮುದ್ದೇನಹಳ್ಳಿ ಎರಡಕ್ಕೂ ಸೇರಿಸಿ, ಕಾಯುವ ಹೊತ್ತೂ ಸೇರಿಸಿ ಮೊದಲೇ ಮಾತಾಡಿಕೊಳ್ಳಿ. ಊಟಕ್ಕೆ ಒಂದೂವರೆಯೊಳಗೆ ಪೇಟೆಗೆ ವಾಪಸ್ ಬನ್ನಿ, ತಡವಾದರೆ ಬಿಸಿ ಮುದ್ದೆ ಖಾಲಿಯಾಗಿ ಅನ್ನ ಸಾರು ಮಾತ್ರ ಉಳಿದಿರುತ್ತದೆ.