ಮುಯ್ಯಿ ಪುಸ್ತಕದ ಕೊನೆಯ ಹಾಳೆ

(ಹೆಸರು, ಊರು, ಕೆಲಸ ಎಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

"ರಾತ್ರಿ ನಿದ್ದೆ ಬರ್ತಿಲ್ಲ ಮೇಡಂ" ಎಂದು ಶುರು ಮಾಡಿದ ಸುಮಾ, ನನ್ನ ಹತ್ತಿರ ಸಲಹೆಗೆ ಬಂದಿದ್ದವಳು, ಹತ್ತು ನಿಮಿಷದಲ್ಲಿ ಛತ್ರದ ಕರೆಂಟ್ ಮೀಟರಿಗೆ ಬಂದು ನಿಂತಳು. ಮದುವೆಗೆ ಐದು ವಾರ ಬಾಕಿ ಇತ್ತು. ಹುಡುಗನ ಬಗ್ಗೆ ಏನೂ ತಕರಾರಿಲ್ಲ, ಬೀಗರೂ ಒಳ್ಳೆಯವರೇ. ಕಾಟ ಕೊಡುತ್ತಿದ್ದದ್ದು ಛತ್ರ, ಅಡುಗೆ, ಹೂವು, ಫೋಟೋ. ಮತ್ತೆ ಅಪ್ಪ.

ಅವಳಿಗೆ 29 ವರ್ಷ. ಬೆಂಗಳೂರಿನಲ್ಲಿ ಕೆಲಸ, ಊರು ಹಾಸನದ ಕಡೆ ಅಂತಿಟ್ಟುಕೊಳ್ಳಿ. ಖರ್ಚಿನ ಮುಕ್ಕಾಲು ಪಾಲು ಅವಳ ಉಳಿತಾಯದ್ದು. ಮಾತುಕತೆ ಮಾತ್ರ ಪೂರ್ತಿ ಅಪ್ಪನದು. ಅವರು ನಿವೃತ್ತ ಗಣಿತದ ಮೇಷ್ಟ್ರು. ಛತ್ರದ ಮ್ಯಾನೇಜರ್ ಅವರ ಹಳೆಯ ಶಿಷ್ಯ, ಅಡುಗೆ ಭಟ್ಟರು ಮೂವತ್ತು ವರ್ಷದ ಪರಿಚಯ. ಛತ್ರಕ್ಕೆ 75 ಸಾವಿರ ಮುಂಗಡ ನಗದಾಗಿ ಕೊಟ್ಟಿದ್ದರು. ರಸೀದಿ ಇಲ್ಲ. ತಾರೀಖು ಬರೆದ ಒಂದು ಚೀಟಿ ಇತ್ತು, ಅಷ್ಟೇ.

ಸುಮಾ ಒಂದು ದಿನ ಸುಮ್ನೆ ವಿಚಾರಿಸೋಣ ಅಂತ ಛತ್ರಕ್ಕೆ ಫೋನ್ ಮಾಡಿದ್ದಳು. ಹೊರಗಿನ ಡೆಕೊರೇಶನ್‌ನವರನ್ನು ತಂದರೆ 25 ಸಾವಿರ ರಾಯಲ್ಟಿ ಎಂದರು. ಕರೆಂಟ್ ಯೂನಿಟ್ ಲೆಕ್ಕ, ಜನರೇಟರ್ ಗಂಟೆ ಲೆಕ್ಕ, ಕ್ಲೀನಿಂಗ್ ಬೇರೆ, ಎಲ್ಲದರ ಮೇಲೆ 18% ಜಿಎಸ್‌ಟಿ. ಡೆಕೊರೇಶನ್‌ನವರಿಗೆ ಆಗಲೇ ಮುಂಗಡ ಹೋಗಿತ್ತು. ಅವಳು ಚಿಕ್ಕಪ್ಪ, ಚಿಕ್ಕಮ್ಮನ ಎದುರಲ್ಲೇ "ಇದನ್ನೆಲ್ಲ ಬರೆಸಿಕೊಳ್ಳಲಿಲ್ವಾ ಅಪ್ಪ?" ಎಂದು ಕೇಳಿಬಿಟ್ಟಳು. "ನಿನ್ನ ದುಡ್ಡು, ನೀನೇ ಮಾಡ್ಕೋ" ಎಂದು ಅವರು ಎದ್ದು ಹೋದರು. ಆಮೇಲೆ ಮೂರು ದಿನ ಮಾತಿಲ್ಲ.

ಮೊದಲ ದಿನ ನಾನೂ ಒಂದು ತಪ್ಪು ಮಾಡಿದೆ. ಅವಳ ಗಾಬರಿ ನೋಡಿ, ಯಾರ ಹತ್ತಿರ ಏನೇನು ಕೇಳಬೇಕು ಎಂದು ಒಂದು ಪಟ್ಟಿ ಬರೆದುಕೊಟ್ಟೆ. ಅವಳು ಅದನ್ನು ಮನೆಗೆ ಒಯ್ದು ಅಪ್ಪನ ಮುಂದಿಟ್ಟಳು. ನಲವತ್ತು ವರ್ಷ ಬೇರೆಯವರ ಉತ್ತರಪತ್ರಿಕೆ ತಿದ್ದಿದ ಮನುಷ್ಯನಿಗೆ, ಯಾರೋ ಗೊತ್ತಿಲ್ಲದ ಮೇಡಂ ಕೆಂಪು ಶಾಯಿ ಹಾಕಿ ಕಳಿಸಿದ ಹಾಗಾಯಿತು. ಜಗಳ ಇನ್ನೂ ಜಾಸ್ತಿಯಾಯಿತು.

ಎರಡನೇ ಸಲ ಅಪ್ಪನನ್ನೂ ಕರೆಸಿದೆ. ಬಂದವರು ಬಾಗಿಲ ಹತ್ತಿರದ ಕುರ್ಚಿಯಲ್ಲೇ ಕೂತರು. "ನೋಡಿ ಮೇಡಂ, ಗೊತ್ತಿರೋರ ಹತ್ತಿರ ಸಹಿ ಹಾಕಿ ಅಂದ್ರೆ, ನಿನ್ನ ಮೇಲೆ ನಂಬಿಕೆ ಇಲ್ಲ ಅಂದ ಹಾಗಲ್ವಾ?" ಎಂದರು. ನಾನು ಕಾನೂನಿನ ವಿಷಯ ಎತ್ತಲಿಲ್ಲ. "ನಿಮ್ಮ ತಂಗಿ ಮದುವೆಗೂ ಇದೇ ಭಟ್ಟರಾ ಸರ್?" ಎಂದು ಕೇಳಿದೆ. ಹೌದಂತೆ. ಆಗ ಸಾಮಾನು ಮನೆಯವರದು, ಕೈಕೆಲಸ ಭಟ್ಟರದು. ಹೇಗೆ ಒಪ್ಪಂದ ಮಾಡಿಕೊಂಡಿರಿ ಎಂದೆ. "ಭಟ್ಟರು ಪಟ್ಟಿ ಕೊಟ್ಟಿದ್ರು. ಬೇಳೆ ಇಷ್ಟು, ಬೆಲ್ಲ ಇಷ್ಟು, ತೆಂಗಿನಕಾಯಿ ಇಷ್ಟು, ಸೌದೆ ಇಷ್ಟು, ಜೊತೆಗೆ ಬರೋರು ಇಷ್ಟು ಜನ..." ಎಂದು ಹೇಳುತ್ತಾ ಹೋದವರು ಅಲ್ಲೇ ನಿಂತರು. ಮದುವೆಯಲ್ಲಿ ಮುಯ್ಯಿ ಬರೆಯಲು ಯಾರು ಕೂತಿದ್ದರು ಎಂದು ಕೇಳಿದೆ. ಅವರೇ. ಸ್ವಂತ ಅಣ್ಣ ಕೊಟ್ಟ ಐವತ್ತೊಂದು ರೂಪಾಯಿಯನ್ನೂ ಬರೆದಿದ್ದರು. ಆ ಪುಸ್ತಕ ಇನ್ನೂ ಬೀರುವಿನಲ್ಲಿದೆಯಂತೆ.

"ಅಣ್ಣನ ಮೇಲೆ ಅಪನಂಬಿಕೆ ಇತ್ತಾ ಸರ್?"

ಅವರು ನಕ್ಕರು. ಸುಮಾ ನಗಲಿಲ್ಲ, ಅತ್ತಳು. ಎಲ್ಲರೆದುರು ಕೇಳಿದ್ದು ತಪ್ಪಾಯಿತು ಎಂದು ಅಲ್ಲೇ ಹೇಳಿದಳು. ಅವಳ ನಿದ್ದೆ ಕೆಡಿಸಿದ್ದು 25 ಸಾವಿರ ಅಲ್ಲ ಎಂದು ನನಗೆ ಆಗ ಖಾತ್ರಿಯಾಯಿತು.

ಮುಂದಿನದು ಸಲೀಸಾಯಿತು. ನಾನು ಮೊದಲು ಹೇಳಿದ್ದು ಇಷ್ಟು: ಹೊರಗಿನವರ ಹತ್ತಿರ ಒಬ್ಬರೇ ಮಾತಾಡಬೇಕು. ಅಪ್ಪ ಒಂದು, ಮಗಳು ಒಂದು, ನಡುವೆ ಚಿಕ್ಕಪ್ಪ ಇನ್ನೊಂದು ಹೇಳಿದರೆ ಎದುರಿನವರು ತಮಗೆ ಅನುಕೂಲವಾದದ್ದನ್ನೇ ಹಿಡಿದುಕೊಳ್ಳುತ್ತಾರೆ. ಮಾತು ಅಪ್ಪನೇ ಆಡಲಿ. ಅದೇ ಸಂಜೆ "ಇವತ್ತು ಮಾತಾಡಿದ್ದು ನೆನಪಿಗೆ ಇರಲಿ ಅಂತ ಕಳಿಸ್ತಿದ್ದೇನೆ, ಏನಾದ್ರೂ ಬಿಟ್ಟಿದ್ರೆ ಹೇಳಿ" ಎಂದು ಸುಮಾ ವಾಟ್ಸಾಪ್ ಮಾಡಲಿ. ಸಹಿ ಕೇಳುವ ಮುಜುಗರ ಇಲ್ಲ, ಎದುರಿನವರು ಸರಿ ಎಂದರೆ ಅದೇ ದಾಖಲೆ.

ಎರಡನೆಯದು ಚೌಕಾಸಿಯ ವಿಷಯ. ನಮ್ಮಲ್ಲಿ ಬಾಡಿಗೆಯಲ್ಲಿ ಐದು ಸಾವಿರ ಇಳಿಸಿಕೊಂಡು ಗೆದ್ದೆವು ಎಂದುಕೊಳ್ಳುತ್ತೇವೆ. ಆ ಬಾಡಿಗೆಯೊಳಗೆ ಏನೇನು ಸೇರಿದೆ ಎಂದು ಕೇಳುವುದೇ ಇಲ್ಲ. ಹಾಗಾಗಿ "ಕಡಿಮೆ ಮಾಡು" ಎನ್ನಬೇಡಿ, "ಛತ್ರದ ಬೀಗದ ಕೈ ವಾಪಸ್ ಕೊಡೋ ಹೊತ್ತಿಗೆ ಒಟ್ಟು ಎಷ್ಟಾಗುತ್ತೆ, ಹೇಳಪ್ಪ" ಎಂದು ಕೇಳಿ ಎಂದೆ. ಬೀಗರೂಟಕ್ಕೆ ಬೇರೆ ಜಾಗ ಹುಡುಕುತ್ತಿದ್ದರು. ಅದೇ ಛತ್ರದ ಊಟದ ಹಾಲ್ ಅನ್ನು ಮರುದಿನಕ್ಕೂ ಹಿಡಿಯುತ್ತೇವೆ, ರಾಯಲ್ಟಿ ಬಿಡಿ ಎಂದು ಕೇಳಿದರು. ಪೂರ್ತಿ ಬಿಡಲಿಲ್ಲ, 10 ಸಾವಿರಕ್ಕೆ ಇಳಿಯಿತು. ಬೀಗದ ಕೈ ತೆಗೆದುಕೊಳ್ಳುವಾಗ, ಕೊಡುವಾಗ ಮೀಟರಿನ ಫೋಟೋ ತೆಗೆಯುವುದು ಎಂದಾಯಿತು. 75 ಸಾವಿರಕ್ಕೆ ರಸೀದಿಯೂ ಬಂತು.

ಬಾಕಿ ಹಣವನ್ನೂ ನಗದಲ್ಲೇ ಕೊಡುವ ಯೋಚನೆ ಅಪ್ಪನಿಗಿತ್ತು. ಒಂದೇ ಸಮಾರಂಭಕ್ಕೆ ಒಬ್ಬರಿಂದ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವ ಹಾಗಿಲ್ಲ, ಕಂತಿನಲ್ಲಿ ಒಡೆದರೂ ಲೆಕ್ಕ ಒಂದೇ, ದಂಡ ಬೀಳುವುದು ತೆಗೆದುಕೊಂಡವರಿಗೆ ಎಂದೆ. ಮೇಷ್ಟ್ರ ಕಣ್ಣು ಅರಳಿತು. "ಹಾಗಾದ್ರೆ ಬ್ಯಾಂಕಿಗೆ ಹಾಕ್ತೀನಿ ಅನ್ನೋದು ಅವನ ಒಳ್ಳೇದಕ್ಕೇ!" ಜಿಎಸ್‌ಟಿ ಕೇಳುವವರ ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಇರಬೇಕು, ನೋಂದಣಿ ಇಲ್ಲದವರು ಅದನ್ನು ವಸೂಲಿ ಮಾಡುವಂತಿಲ್ಲ ಎಂದೂ ಹೇಳಿದೆ.

ಭಟ್ಟರ ಹತ್ತಿರ ಇದ್ದದ್ದು ಎಲೆ ಲೆಕ್ಕದ ಗೊಂದಲ. ಕನಿಷ್ಠ 600 ಎಲೆ ಎಂದು ಮಾತಾಗಿತ್ತು. ಅದು ಧಾರೆಯ ದಿನದ ಊಟಕ್ಕೆ ಮಾತ್ರವೋ, ಹಿಂದಿನ ರಾತ್ರಿಯ ಆರತಕ್ಷತೆಯೂ ಸೇರಿಯೋ? ಓಲಗದವರು, ಫೋಟೋದವರು ಉಂಡ ಎಲೆ ಯಾರ ಲೆಕ್ಕಕ್ಕೆ? ಪ್ರತಿ ಪಂಕ್ತಿಗೂ ಎರಡೂ ಕಡೆಯವರು ಒಟ್ಟಿಗೆ ಎಣಿಸಿ ಬರೆಯುವುದು ಎಂದು ಕೂತು ಮಾತಾಡಿಕೊಂಡರು. ಭಟ್ಟರಿಗೆ ಬೇಜಾರಾಗಲಿಲ್ಲವಂತೆ. "ಹೀಗೆ ಬರೆದುಕೊಟ್ರೆ ನನಗೇ ಒಳ್ಳೇದು ಮೇಷ್ಟ್ರೇ, ಬಾಕಿ ಕೊಡೋವಾಗ ತಕರಾರು ಮಾಡೋರು ಜಾಸ್ತಿ" ಎಂದರಂತೆ.

ಎಲ್ಲವೂ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಡೆಕೊರೇಶನ್‌ನವರು ತೋರಿಸಿದ ಫೋಟೋ ಒಂದು, ಕಟ್ಟಿದ ಮಂಟಪ ಒಂದು. ಅರ್ಧ ಹೂವು ಪ್ಲಾಸ್ಟಿಕ್. ಮೆಸೇಜಿನಲ್ಲಿ "ಫೋಟೋದಲ್ಲಿ ಇರುವ ಹಾಗೆ" ಎಂದಿತ್ತು, ನಿಜವಾದ ಹೂವು ಎಂದು ಬರೆದಿರಲಿಲ್ಲ. ಅದು ನನಗೂ ಹೊಳೆದಿರಲಿಲ್ಲ. ಮದುವೆಯಾದ ಮೇಲೆ ಸುಮಾ ಫೋನ್ ಮಾಡಿ ಏನು ಮಾಡಲಿ ಎಂದಳು. ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು ಎಂದೆ. ಎರಡು ವರ್ಷ ಅವಕಾಶ ಇದೆ, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕು ಎಂದೂ ಇಲ್ಲ. ಫೋಟೋ, ಮೆಸೇಜು, ಹಣ ಕೊಟ್ಟ ದಾಖಲೆ ಅಳಿಸದೆ ಇಟ್ಟುಕೊ ಎಂದೆ. ಎರಡು ದಿನ ಯೋಚಿಸಿ, ಬೇಡ ಮೇಡಂ ಎಂದಳು. ಅದು ಅವಳ ತೀರ್ಮಾನ, ನಾನು ಒತ್ತಾಯಿಸಲಿಲ್ಲ.

ಅಪ್ಪ ಈಗ ಎಲ್ಲರ ಲೆಕ್ಕವನ್ನೂ ಹೊಸ ಮುಯ್ಯಿ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟಿದ್ದಾರೆ. ಛತ್ರ, ಭಟ್ಟರು, ಓಲಗ, ಹೂವು, ಎಲ್ಲದರ ಮುಂದೆಯೂ ಸರಿ ಗುರುತು ಬಿದ್ದಿದೆ. ಫೋಟೋದವರ ಸಾಲು ಮಾತ್ರ ಖಾಲಿ. ಆಲ್ಬಮ್ ಕೈಗೆ ಬಂದ ಮೇಲೆ ಕೊನೆ ಕಂತು ಎಂದು ಮಾತಾಗಿತ್ತು. ಆಲ್ಬಮ್ ಇನ್ನೂ ಬಂದಿಲ್ಲ, ದುಡ್ಡೂ ಹೋಗಿಲ್ಲ.